ಪಂಪಿನ ಹೋಸ್ ಕ್ಲಿಪ್ಪಿನ ಬಾಲ ಕೈ ಕೊಯ್ಯುತ್ತಿದೆ, ಏನು ಮಾಡೋಣ?

ಕಾರಟಗಿ ಗದ್ದೆ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು. ಆದರೆ ಅಂಗೈಗೆ ನಾಲ್ಕು ಹೊಲಿಗೆ ಬಿದ್ದಿವೆ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮದು ಕಾರಟಗಿ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೊನೆ. ಕಾಲುವೆ ನೀರು ನಮ್ಮ ತನಕ ಬರುವಷ್ಟರಲ್ಲಿ ಮೇಲಿನವರ ನಾಟಿ ಮುಗಿದಿರುತ್ತದೆ. ಹಾಗಾಗಿ ಹಳ್ಳಕ್ಕೆ ಡೀಸೆಲ್ ಎಂಜಿನ್ ಇಟ್ಟು ಸಸಿ ಮಡಿಗೆ ನೀರು ಎತ್ತುತ್ತೇವೆ. ಸಕ್ಷನ್ ಪೈಪ್, ಅಂದರೆ ಹಳ್ಳದಿಂದ ಪಂಪಿಗೆ ನೀರು ಎಳೆಯುವ ಪೈಪ್, 3 ಇಂಚಿನದು, ಹಸಿರು ಬಣ್ಣದ ಸುರುಳಿ ಪೈಪು. ಅದನ್ನು ಪಂಪಿಗೆ ಸ್ಕ್ರೂ ಇರುವ ಸ್ಟೀಲ್ ಹೋಸ್ ಕ್ಲಿಪ್ ಹಾಕಿ ಬಿಗಿದಿದ್ದೇವೆ. ಬಿಗಿದ ಮೇಲೆ ಪಟ್ಟಿಯ ತುದಿ ಮೂರು ಇಂಚು ಹೊರಗೆ ನಿಂತಿದೆ, ಮೀನಿನ ರೆಕ್ಕೆ ಥರ.

ಮೊನ್ನೆ ಬೆಳಗಿನ ಜಾವ ಕರೆಂಟ್ ಇರಲಿಲ್ಲ. ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಪಂಪಿಗೆ ನೀರು ತುಂಬಲು ಕೊಡ ಬಗ್ಗಿಸಿದೆ. ಕೈ ಜಾರಿ ಆ ಪಟ್ಟಿಯ ಮೇಲೆ ಹೋಯಿತು. ಮೊದಲು ತಣ್ಣಗೆ ಅನಿಸಿತು, ಆಮೇಲೆ ನೋಡಿದರೆ ಕೊಡದ ನೀರು ಕೆಂಪು. ಟಿಟಿ ಇಂಜೆಕ್ಷನ್ ಆಯ್ತು, ಹೊಲಿಗೆ ಆಯ್ತು. ಹೋದ ವರ್ಷ ಅಪ್ಪನ ಧೋತರ ಅದೇ ಪಟ್ಟಿಗೆ ಸಿಕ್ಕಿ ಹರಿದಿತ್ತು, ಆಗ ನಾವೆಲ್ಲ ನಕ್ಕಿದ್ದೆವು.

ಈ ತುದಿಯನ್ನು ಭದ್ರ ಮಾಡುವುದು ಹೇಗೆ? ಇನ್ಸುಲೇಷನ್ ಟೇಪ್ ಸುತ್ತಿದ್ದೆ, ಹದಿನೈದು ದಿನಕ್ಕೆ ಬಿಸಿಲಿಗೆ ಅಂಟು ಬಿಟ್ಟು ಜೋತು ಬಿತ್ತು.

ಸಿರುಗುಪ್ಪ ಎಕ್ಸ್‌ಪ್ರೆಸ್ · 9:14

ಕಟ್ ಮಾಡಿ ಬಿಸಾಕಿ. ಇದಕ್ಕೂ ಚರ್ಚೆನಾ?

ಒಗ್ಗರಣೆ ಮಿರ್ಚಿ · 9:17

ಕಾಲುವೆಯ ಬಾಲದಲ್ಲಿ ಇರುವವರಿಗೆ ಕ್ಲಿಪ್ಪಿನ ಬಾಲದ ಕಾಟ. ಏನು ಹಣೆಬರಹ ಅಣ್ಣಾ ನಿಮ್ಮದು.

ಗ್ರೀಸ್ ಕೈ · 9:31

ಸಿರುಗುಪ್ಪದವರೇ, ಕಟ್ ಮಾಡುವುದು ತಪ್ಪಲ್ಲ. ಹೇಗೆ ಕಟ್ ಮಾಡುತ್ತೀರಿ ಅನ್ನುವುದರಲ್ಲಿ ತಪ್ಪಾಗುತ್ತದೆ. ಬಳ್ಳಾರಿಯಲ್ಲಿ ನನ್ನ ಗ್ಯಾರೇಜ್ ಇದೆ, ಅದಿರಿನ ಟಿಪ್ಪರ್‌ಗಳೇ ಜಾಸ್ತಿ. ದಿನಕ್ಕೆ ಹತ್ತು ಕ್ಲಿಪ್ ಬಿಚ್ಚಿ ಹಾಕುತ್ತೇನೆ.

ಪ್ಲೇಯರ್‌ನಲ್ಲಿ ಚಕ್ ಅಂತ ಕತ್ತರಿಸಿದರೆ ಮೊದಲಿಗಿಂತ ಚೂಪಾದ ಎರಡು ಮೂಲೆ ಹುಟ್ಟುತ್ತವೆ. ಕಂಪನಿಯಿಂದ ಬಂದಾಗ ತುದಿ ದುಂಡಗಿರುತ್ತದೆ, ನೀವು ಕತ್ತರಿಸಿದ್ದು ಬ್ಲೇಡ್ ಆಗುತ್ತದೆ. ಅದೂ ಪಟ್ಟಿಯ ತೂತಿನ ಮೇಲೆ ಕತ್ತರಿಸಿದರೆ ಎರಡು ಕೋರೆಹಲ್ಲು ನಿಂತ ಹಾಗೆ. ಎರಡು ತೂತುಗಳ ನಡುವೆ ಗಟ್ಟಿ ಲೋಹ ಇರುವ ಜಾಗ ನೋಡಿ ತಗಡು ಕತ್ತರಿಯಲ್ಲಿ ಕತ್ತರಿಸಬೇಕು. ಆಮೇಲೆ ಅರ ಹಿಡಿದು ಎರಡೂ ಮೂಲೆ ದುಂಡಗೆ ಮಾಡಬೇಕು, ಅಂಚನ್ನೂ ಒಂದೆರಡು ಸಲ ಉಜ್ಜಬೇಕು. ಕೊನೆಗೆ ಉಗುರು ಓಡಿಸಿ ನೋಡಿ, ಉಗುರು ಸಿಕ್ಕಿದರೆ ಕೆಲಸ ಮುಗಿದಿಲ್ಲ ಅಂತ ಅರ್ಥ.

ಇನ್ನೊಂದು ಮಾತು. ಪೂರ್ತಿ ಬುಡಕ್ಕೆ ಕತ್ತರಿಸಬೇಡಿ. ಸ್ಕ್ರೂ ಮನೆಯಿಂದ, ಅಂದರೆ ಸ್ಕ್ರೂ ಕೂತಿರುವ ಗೂಡಿನಿಂದ, ಆಚೆ ಅರ್ಧ ಇಂಚಾದರೂ ಬಿಡಿ. ಪೈಪ್ ಹಳೆಯದಾದ ಹಾಗೆ ಕ್ಲಿಪ್ ಕೆಳಗೆ ಚಪ್ಪಟೆಯಾಗುತ್ತದೆ, ಆಗ ಮತ್ತೆ ಒಂದೆರಡು ಸುತ್ತು ಬಿಗಿಯಬೇಕಾಗುತ್ತದೆ. ಬಿಚ್ಚಿ ಹಾಕುವಾಗಲೂ ಸ್ಕ್ರೂವಿಗೆ ಹಿಡಿಯಲು ಒಂದೆರಡು ಹಲ್ಲು ಬೇಕು.

ಸಿರುಗುಪ್ಪ ಎಕ್ಸ್‌ಪ್ರೆಸ್ · 9:36

ಮೂವತ್ತು ರೂಪಾಯಿ ಕ್ಲಿಪ್ಪಿಗೆ ಇಷ್ಟೊಂದು ಅಲಂಕಾರವಾ ಸರ್. ಮತ್ತೆ ಬಿಚ್ಚುವಾಗ ಹೊಸದು ಹಾಕಿದರಾಯಿತು.

ಗ್ರೀಸ್ ಕೈ · 9:38

ಹಳ್ಳದ ದಂಡೆಯಲ್ಲಿ ರಾತ್ರಿ ಎರಡು ಗಂಟೆಗೆ ಹೊಸ ಕ್ಲಿಪ್ ಯಾರು ಕೊಡುತ್ತಾರೆ? ನೀವು ಕೊಡುತ್ತೀರಾ?

ಲೆಕ್ಕದ ಮಾಸ್ತರ್ · 9:52

ರಾಯಚೂರಿನಿಂದ. ನಿವೃತ್ತ ಶಿಕ್ಷಕ, ಈಗ ಮನೆಯ ಹಿತ್ತಲಿಗೂ ಕೂಲರಿಗೂ ನಾನೇ ಪ್ಲಂಬರ್.

ಕಾರಟಗಿಯವರೇ, ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಸಂಖ್ಯೆ ಒತ್ತಿರುತ್ತಾರೆ. ಅದನ್ನು ಓದಿ ಹೇಳಿ. ಒಂದು ದಾರ ತೆಗೆದುಕೊಂಡು ಪೈಪಿನ ಹೊರಸುತ್ತಳತೆಯನ್ನೂ ಹೇಳಿ. ಬಾಲ ಯಾಕೆ ಬಂತು ಅಂತ ತಿಳಿಯದೆ ಬಾಲ ಕತ್ತರಿಸುವುದು ಸರಿಯಲ್ಲ.

ಒಗ್ಗರಣೆ ಮಿರ್ಚಿ · 9:53

ಮಾಸ್ತರ್ ಹೋಂವರ್ಕ್ ಕೊಟ್ಟರು.

ಗವಿಮಠ ರಸ್ತೆ ಅಕ್ಕ · 10:05

ಕೊಪ್ಪಳ. ನಮ್ಮ ಮನೆಯ ಮಾಳಿಗೆಯಲ್ಲಿ ಸಿಂಟೆಕ್ಸ್ ಟ್ಯಾಂಕಿನಿಂದ ಗಿಡಕ್ಕೆ ನೀರು ಬಿಡುವ ಪೈಪ್ ಇದೆ. ಅದರ ಕ್ಲಿಪ್ ನನ್ನ ಇಳಕಲ್ ಸೀರೆಯ ಒಂದು ಮೂಲೆಯನ್ನು ತಿಂದಿದೆ. ನೆರಿಗೆ ಸಿಕ್ಕಿಕೊಂಡದ್ದು ಗೊತ್ತಾಗಲಿಲ್ಲ, ಎರಡು ಹೆಜ್ಜೆ ಮುಂದೆ ಹೋದೆ, ಪರ್ ಅಂತ ಶಬ್ದ.

ಅವತ್ತು ನಾನು ಮಾಡಿದ್ದು ಇಷ್ಟು. ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿ ಕಡೆಯಿಂದ ಬೆರಳುದ್ದ ತುಂಡು ಕತ್ತರಿಸಿದೆ. ಬ್ಲೇಡಿನಿಂದ ಅದರ ದಪ್ಪದ ನಡುವೆ ಒಂದು ಸೀಳು ಕೊಟ್ಟೆ, ಪಾರ ಆಗದ ಹಾಗೆ. ಆ ಸೀಳಿಗೆ ಪಟ್ಟಿಯ ತುದಿ ತಳ್ಳಿದೆ. ಬಿಗಿಯಾಗಿ ಕೂತಿತು. ಗವಿಮಠದ ಜಾತ್ರೆಗೆ ಮುಂಚೆ ಹಾಕಿದ್ದು, ಇನ್ನೂ ಅಲ್ಲೇ ಇದೆ. ನೋಡಲು ಚೆನ್ನಾಗಿಲ್ಲ, ಯಜಮಾನರು ಮಾಳಿಗೆಗೆ ಚಪ್ಪಲಿ ಯಾಕೆ ಕಟ್ಟಿದ್ದೀಯ, ದೃಷ್ಟಿಗಾ ಅಂತ ಕೇಳಿದರು.

ಒಗ್ಗರಣೆ ಮಿರ್ಚಿ · 10:07

ಅಕ್ಕಾ, ಎರಡೂ ಆಯಿತಲ್ಲ. ದೃಷ್ಟಿಯೂ ಹೋಯಿತು, ಕ್ಲಿಪ್ಪೂ ಸುಮ್ಮನಾಯಿತು.

ಕಾರಟಗಿ ಗದ್ದೆ · 10:20

ಮಾಸ್ತರ್, ಪಟ್ಟಿಯ ಮೇಲೆ 91-114 ಅಂತ ಇದೆ. ಪೈಪನ್ನು ಮಗಳ ಕಂಪಾಸ್ ಡಬ್ಬಿಯ ಸ್ಕೇಲ್ ಹಿಡಿದು ನೋಡಿದೆ, ಹೊರಗಿನ ವ್ಯಾಸ 90 ಎಂಎಂ ಆಸುಪಾಸು. ಅಂಗಡಿಯಲ್ಲಿ 3 ಇಂಚು ಪೈಪಿಗೆ ಕೊಡಿ ಅಂದಿದ್ದೆ, ಇದನ್ನು ಕೊಟ್ಟರು. ದೊಡ್ಡದು ಇದ್ದರೆ ಯಾವಾಗಲೂ ಕೆಲಸಕ್ಕೆ ಬರುತ್ತದೆ ಅಂದರು.

ಲೆಕ್ಕದ ಮಾಸ್ತರ್ · 10:34

ಅಲ್ಲೇ ಇದೆ ನೋಡಿ ನಿಮ್ಮ ಬಾಲ.

3 ಇಂಚು ಅನ್ನುವುದು ಪೈಪಿನ ಒಳಗಿನ ಅಳತೆ, ಅಂದರೆ 76 ಎಂಎಂ. ಕ್ಲಿಪ್ ಕೂರುವುದು ಪೈಪಿನ ಹೊರಗೆ. ಕ್ಲಿಪ್ಪಿನ ಅಳತೆಯನ್ನು ಯಾವಾಗಲೂ ಹೊರಗಿನಿಂದಲೇ ತೆಗೆಯಬೇಕು. ನಿಮ್ಮ ಕ್ಲಿಪ್ 114 ತನಕ ಹಿಗ್ಗುತ್ತದೆ, ನೀವು 90ಕ್ಕೆ ಎಳೆದಿದ್ದೀರಿ. ವ್ಯಾಸ 24 ಎಂಎಂ ಕಡಿಮೆಯಾದರೆ ಪಟ್ಟಿ ಎಷ್ಟು ಹೊರಗೆ ಬರುತ್ತದೆ? 24 ಅಲ್ಲ. 24ನ್ನು 3.14ರಿಂದ ಗುಣಿಸಿ, 75 ಎಂಎಂ. ಸರಿಯಾಗಿ ನಿಮ್ಮ ಮೂರು ಇಂಚು.

ಒಂದು ಇಂಚು ದೊಡ್ಡ ಕ್ಲಿಪ್ ತಂದರೆ ಮೂರು ಇಂಚು ಬಾಲ ತಂದಿರಿ ಅಂತ ಲೆಕ್ಕ. ಏಳನೇ ಕ್ಲಾಸಿನಲ್ಲಿ ಪೈ ಬೆಲೆ ಬಾಯಿಪಾಠ ಮಾಡಿಸಿದಾಗ ಇದು ಯಾವುದಕ್ಕೆ ಸಾರ್ ಅಂತ ಕೇಳುತ್ತಿದ್ದ ಹುಡುಗರೆಲ್ಲ ಇಲ್ಲೇ ಇದ್ದರೆ ಓದಿಕೊಳ್ಳಲಿ.

80-100 ಅಂತ ಬರೆದ ಕ್ಲಿಪ್ ಸಿಗುತ್ತದೆ. ನಿಮ್ಮ ಪೈಪ್ ಅದರ ನಡುಮಧ್ಯಕ್ಕೆ ಬರುತ್ತದೆ. ಬಾಲ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಉಳಿಯಬಹುದು, ಅಷ್ಟೇ.

ಸಿರುಗುಪ್ಪ ಎಕ್ಸ್‌ಪ್ರೆಸ್ · 10:36

ಸರಿ ಮಾಸ್ತರ್, ಒಪ್ಪಿದೆ. ಆದರೂ ಒಂದು ಇಂಚು ಉಳಿಯುತ್ತದಲ್ಲ.

ಲೆಕ್ಕದ ಮಾಸ್ತರ್ · 10:41

ಉಳಿಯುತ್ತದೆ. ಅದಕ್ಕೇ ಈ ಚರ್ಚೆ ಇನ್ನೂ ಮುಗಿದಿಲ್ಲ.

ಅಂದ ಹಾಗೆ, ಈ ಸ್ಕ್ರೂ ಕ್ಲಿಪ್ಪಿಗೆ ಜೂಬಿಲಿ ಕ್ಲಿಪ್ ಅಂತ ಹೆಸರು ಇದೆ. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಕಮಾಂಡರ್ ಲಮ್ಲಿ ರಾಬಿನ್ಸನ್ ಅನ್ನುವವರು 1921ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನೂರು ವರ್ಷ ದಾಟಿದೆ, ಪಟ್ಟಿ, ಹಲ್ಲು, ಸ್ಕ್ರೂ ಎಲ್ಲ ಹೆಚ್ಚುಕಡಿಮೆ ಅದೇ.

ಒಗ್ಗರಣೆ ಮಿರ್ಚಿ · 10:43

ನೂರು ವರ್ಷದಿಂದ ಬಾಲವೂ ಅದೇ. ನಾಯಿ ಬಾಲ ಡೊಂಕು ಅಂತಾರಲ್ಲ.

ಯರಗೇರಾ ಹುಡುಗ · ಸೋಮವಾರ ಬೆಳಗ್ಗೆ 6:48

ನನ್ನ ಐಡಿಯಾ ಕೇಳಿ. ಬಿಗಿಯುವ ಮೊದಲೇ ಬಾಲವನ್ನು ಕ್ಲಿಪ್ಪಿನ ಪಟ್ಟಿಯ ಕೆಳಗೆ ತೂರಿಸಿ, ಆಮೇಲೆ ಬಿಗಿಯಿರಿ. ಬಾಲ ಅಡಿಯಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಖರ್ಚು ಸೊನ್ನೆ.

ಗ್ರೀಸ್ ಕೈ · 7:15

ತಮ್ಮಾ, ಇದನ್ನು ಸಕ್ಷನ್ ಪೈಪಿಗೆ ಮಾಡಬೇಡ. ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಬಂದರೆ ಅಲ್ಲಿ ಪೈಪಿಗೂ ಕ್ಲಿಪ್ಪಿಗೂ ನಡುವೆ ಒಂದು ಗುಬುಟು ಆಗುತ್ತದೆ. ಅದರ ಎರಡೂ ಪಕ್ಕ ಸಣ್ಣ ಸಂದು. ಡೆಲಿವರಿ ಕಡೆ, ಅಂದರೆ ಪಂಪಿನಿಂದ ನೀರು ಹೊರಗೆ ಹೋಗುವ ಕಡೆ ಆದರೆ, ನೀರು ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಸಕ್ಷನ್ ಕಡೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ನೀನು ಪೈಪಿನ ತಳದ ಫುಟ್‌ವಾಲ್ ಬಿಚ್ಚಿ ನೋಡುತ್ತೀಯ, ವಾಷರ್ ಬದಲಿಸುತ್ತೀಯ, ಪಂಪ್ ಬಿಚ್ಚುತ್ತೀಯ. ಕಳ್ಳ ಅಲ್ಲೇ ಕ್ಲಿಪ್ಪಿನ ಕೆಳಗೆ ಕೂತಿರುತ್ತಾನೆ.

ಯರಗೇರಾ ಹುಡುಗ · 7:19

ಹೌದಾ? ಹಾಗಾದರೆ ಹೋದ ತಿಂಗಳು ನಮ್ಮ ಪಂಪ್ ನೀರು ಬಿಟ್ಟುಕೊಡದೆ ಮೂರು ದಿನ ಸತಾಯಿಸಿದ್ದು ಇದಕ್ಕೇ ಇರಬಹುದು ಅಣ್ಣಾ. ಈಗಲೇ ಹೋಗಿ ನೋಡುತ್ತೇನೆ.

ಡ್ರಿಪ್ ದಾಳಿಂಬೆ · 7:40

ಕುಷ್ಟಗಿ ಕಡೆಯವನು, ದಾಳಿಂಬೆ ತೋಟ. ನಮ್ಮಲ್ಲಿ ಫಿಲ್ಟರ್, ಗೊಬ್ಬರದ ಟ್ಯಾಂಕ್, ಎಲ್ಲ ಕಡೆ ಕ್ಲಿಪ್ಪೇ. ನಾವು ಬಾಲಕ್ಕೆ ಟೋಪಿ ಹಾಕುವುದು ಹಳೆಯ ಡ್ರಿಪ್ ಪೈಪಿನಿಂದ.

12 ಎಂಎಂ ಲ್ಯಾಟರಲ್ ಇರುತ್ತದಲ್ಲ, ಕಪ್ಪು ಪೈಪು, ಅದರ ಎರಡು ಬೆರಳುದ್ದ ತುಂಡು ತೆಗೆದುಕೊಳ್ಳಿ. ತೂತು, ಡ್ರಿಪ್ಪರ್ ಇಲ್ಲದ ಜಾಗ ಇರಲಿ. ಲೋಟದಲ್ಲಿ ಕುದಿಯುವ ನೀರು ಹಾಕಿ ಅದರಲ್ಲಿ ಒಂದೆರಡು ನಿಮಿಷ ಬಿಡಿ. ಮೆತ್ತಗಾದ ಮೇಲೆ ಬಟ್ಟೆಯಲ್ಲಿ ಹಿಡಿದು ತೆಗೆದು ಕಲ್ಲಿನ ಕೆಳಗೆ ಒತ್ತಿದರೆ ಚಪ್ಪಟೆ ಆಗುತ್ತದೆ. ಕ್ಲಿಪ್ ಪಟ್ಟಿ 12 ಎಂಎಂ ಅಗಲ, ಅದು ಈ ಚಪ್ಪಟೆ ಪೈಪಿನ ಒಳಗೆ ಸರಿಯಾಗಿ ಹೋಗುತ್ತದೆ. ಸ್ಕ್ರೂ ಮನೆಗೆ ತಾಗುವ ತನಕ ತಳ್ಳಿ. ಪಟ್ಟಿಯ ತೂತುಗಳೇ ಒಳಗಿನಿಂದ ಹಿಡಿದುಕೊಳ್ಳುತ್ತವೆ.

ಇದರ ಲಾಭ ಏನು ಅಂದರೆ ಬಿಸಿಲಿಗೆ ಅಂತಲೇ ಮಾಡಿದ ಪೈಪ್ ಅದು. ಕಪ್ಪು ಬಣ್ಣದ ಒಳಗೆ ಇಂಗಾಲದ ಪುಡಿ ಇರುತ್ತದೆ, ಬಿಸಿಲು ತಡೆಯುತ್ತದೆ. ವರ್ಷಗಟ್ಟಲೆ ಹೊಲದಲ್ಲೇ ಬಿದ್ದಿರುವ ವಸ್ತು, ಈ ಬಾಲದ ಮೇಲೆ ಕೂರುವುದು ಅದಕ್ಕೆ ಏನು ಕಷ್ಟ?

ಕಾರಟಗಿ ಗದ್ದೆ · 7:52

ಇದು ಚೆನ್ನಾಗಿದೆ ಅಣ್ಣಾ. ನಮ್ಮಲ್ಲಿ ಡ್ರಿಪ್ ಇಲ್ಲ, ಆದರೆ ಭಾವನ ತೋಟದಲ್ಲಿ ಹಳೆಯ ಸುರುಳಿ ಬಿದ್ದಿದೆ.

ಸಿರುಗುಪ್ಪ ಎಕ್ಸ್‌ಪ್ರೆಸ್ · 8:03

ಪ್ಲಾಸ್ಟಿಕ್ ಟ್ಯಾಗ್ ಹಾಕಿ ಪೈಪಿಗೆ ಕಟ್ಟಿದರೆ ಮುಗಿಯಿತಲ್ಲ. ಎಲೆಕ್ಟ್ರಿಕ್ ಅಂಗಡಿಯಲ್ಲಿ ನೂರು ಟ್ಯಾಗಿನ ಪಾಕೆಟ್ ಸಿಗುತ್ತದೆ.

ಡ್ರಿಪ್ ದಾಳಿಂಬೆ · 8:10

ಬಿಳಿ ಟ್ಯಾಗ್ ನಮ್ಮ ಬೇಸಿಗೆ ತಡೆಯುವುದಿಲ್ಲ. ಮೇ ತಿಂಗಳು ಕಳೆಯುವಷ್ಟರಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಹಾಕುವುದಾದರೆ ಕಪ್ಪು ಟ್ಯಾಗ್ ಹಾಕಿ. ಟ್ಯಾಗ್ ಕತ್ತರಿಸಿದ ತುದಿಯೂ ಕೈ ಗೀರುತ್ತದೆ, ಅದನ್ನು ಮರೆಯಬೇಡಿ. ಒಂದು ಬಾಲ ಕಟ್ಟಲು ಹೋಗಿ ಇನ್ನೊಂದು ಬಾಲ.

ಗ್ರೀಸ್ ಕೈ · 8:22

ಹೊಲದ ಪಂಪಿಗೆ ಡ್ರಿಪ್ ಪೈಪ್, ಚಪ್ಪಲಿ ಎಲ್ಲ ಸರಿ. ಆದರೆ ಗಾಡಿ ಎಂಜಿನ್ ಇರುವವರು ಇದನ್ನು ಓದಿ ಹಾಗೇ ಮಾಡಬೇಡಿ. ಸೈಲೆನ್ಸರ್ ಪೈಪಿನ ಹತ್ತಿರ ಇರುವ ಕ್ಲಿಪ್ಪಿಗೆ ರಬ್ಬರ್, ಪ್ಲಾಸ್ಟಿಕ್ ಏನೂ ಬೇಡ, ಕರಗಿ ಹೊಗೆ ಬರುತ್ತದೆ. ರೇಡಿಯೇಟರ್ ಹೋಸ್ ಹಾಕುವಾಗ ನಾನು ಬಾಲ ಫ್ಯಾನ್ ಕಡೆ ಇರದ ಹಾಗೆ, ಪಕ್ಕದ ಪೈಪಿಗೆ ತಾಗದ ಹಾಗೆ ತಿರುಗಿಸಿ ಬಿಗಿಯುತ್ತೇನೆ. ಎಂಜಿನ್ ನಡುಕಕ್ಕೆ ಬಾಲ ಪಕ್ಕದ ಹೋಸನ್ನು ಗರಗಸದ ಹಾಗೆ ಕೊಯ್ಯುತ್ತದೆ. ಒಂದು ಟಿಪ್ಪರ್ ಸಂಡೂರು ಘಾಟಿಯಲ್ಲಿ ನೀರು ಖಾಲಿ ಮಾಡಿಕೊಂಡು ನಿಂತಿತ್ತು. ಹೋಗಿ ನೋಡಿದರೆ ಕೆಳಗಿನ ಹೋಸಿನ ಮೇಲೆ ಬೆರಳುಗುರಿನಷ್ಟು ಗೀರು, ಮೇಲಿನ ಕ್ಲಿಪ್ಪಿನ ಬಾಲ ಸರಿಯಾಗಿ ಅದರ ಮೇಲೆ.

ಟರ್ಬೋ ಹೋಸಿಗೆ ಈ ಸ್ಕ್ರೂ ಕ್ಲಿಪ್ಪೇ ಬೇಡ. ಅದಕ್ಕೆ ಟಿ-ಬೋಲ್ಟ್ ಕ್ಲಾಂಪ್ ಬರುತ್ತದೆ, ನಟ್ ಬಿಗಿಯುವಂಥದ್ದು. ಪಟ್ಟಿ ಅಗಲ ಇರುತ್ತದೆ, ಹಿಡಿತ ಜಾಸ್ತಿ, ತೂತು ಇರುವುದಿಲ್ಲ. ಸಿಲಿಕೋನ್ ಹೋಸ್ ಆದರೆ ತೂತಿನ ಪಟ್ಟಿ ಹೋಸನ್ನೇ ಕಚ್ಚಿ ತಿನ್ನುತ್ತದೆ. ತೂತುಗಳಲ್ಲಿ ರಬ್ಬರ್ ಉಬ್ಬಿ ಬಂದು ತುಂಡಾಗುತ್ತದೆ.

ಕಂಬ ಹತ್ತುವವನು · 9:05

ನಾನು ಸಿಸಿ ಕ್ಯಾಮೆರಾ ಹಾಕುವ ಕೆಲಸದವನು, ಹೊಸಪೇಟೆಯಿಂದ ರಾಯಚೂರು ತನಕ ಓಡಾಟ. ಕಂಬಕ್ಕೆ ಡಬ್ಬಿ ಕಟ್ಟಲು ನಾವು ಬಳಸುವ ಸ್ಟೀಲ್ ಪಟ್ಟಿಯಲ್ಲಿ ಈ ಬಾಲದ ಸಮಸ್ಯೆಯೇ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಸುರುಳಿಯಲ್ಲಿ ಬರುವ ಸ್ಟೇನ್‌ಲೆಸ್ ಪಟ್ಟಿ, ಜೊತೆಗೆ ಸಣ್ಣ ಬಕಲ್. ಬಕಲ್‌ಗೆ ಎರಡು ಕಿವಿ ಇರುತ್ತವೆ. ಪಟ್ಟಿಯನ್ನು ಕಂಬಕ್ಕೆ ಸುತ್ತಿ ಬಕಲ್ ಒಳಗೆ ತೂರಿಸಿ ಎಳೆಯುವ ಯಂತ್ರ ಹಾಕುತ್ತೇವೆ. ಹ್ಯಾಂಡಲ್ ತಿರುಗಿಸಿದ ಹಾಗೆ ಪಟ್ಟಿ ಕಿರ್ ಕಿರ್ ಅನ್ನುತ್ತಾ ಬಿಗಿಯಾಗುತ್ತದೆ. ಸಾಕಷ್ಟು ಬಿಗಿಯಾದ ಮೇಲೆ ಇಡೀ ಯಂತ್ರವನ್ನು ಬಕಲ್ ಮೇಲೆ ಹಿಂದಕ್ಕೆ ಮಗುಚಬೇಕು. ಆಗ ಪಟ್ಟಿ ಬಕಲ್ ಮೇಲೆ ಮಡಚಿಕೊಳ್ಳುತ್ತದೆ, ಇನ್ನು ಜಾರುವುದಿಲ್ಲ. ಅಲ್ಲೇ ಒಂದು ತುಂಡು ಬಿಟ್ಟು ಕತ್ತರಿಸುತ್ತೇವೆ. ಕತ್ತರಿಸಿದ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಬಕಲ್ ಮೇಲೆ ಮಲಗಿಸಿ, ಎರಡು ಕಿವಿಗಳನ್ನು ಅದರ ಮೇಲೆ ಮಡಚಿ ಬಡಿಯುತ್ತೇವೆ. ಮುಗಿಯಿತು. ಬಾಲ ಕಿವಿಗಳ ಕೆಳಗೆ ಬಂಧನ. ಕೈ ಸವರಿದರೆ ಏನೂ ಸಿಗುವುದಿಲ್ಲ.

ಕಾರಟಗಿ ಗದ್ದೆ · 9:12

ಹಾಗಾದರೆ ಹೋಸ್ ಕ್ಲಿಪ್ಪಿಗೂ ಎರಡು ಕಿವಿ ಯಾಕೆ ಇಟ್ಟಿಲ್ಲ?

ಕಂಬ ಹತ್ತುವವನು · 9:20

ನಮ್ಮ ಪಟ್ಟಿ ಒಂದು ಸಲ ಕಟ್ಟಿದರೆ ಮುಗಿಯಿತು. ಬಿಚ್ಚಬೇಕು ಅಂದರೆ ಕತ್ತರಿಸಬೇಕು. ನಿಮ್ಮದನ್ನು ಪ್ರತಿ ವರ್ಷ ಎಂಜಿನ್ ಮನೆಗೆ ಒಯ್ಯುವಾಗ ಬಿಚ್ಚುತ್ತೀರಿ, ಅಲ್ವಾ? ಬಿಚ್ಚುವ ವಸ್ತುವಿಗೆ ಬಾಲ ಬೇಕು.

ಸಿರುಗುಪ್ಪ ಎಕ್ಸ್‌ಪ್ರೆಸ್ · 9:24

ಬಾಲವನ್ನು ಹಿಂದಕ್ಕೆ ಮಡಚಿ ಸುತ್ತಿಗೆಯಲ್ಲಿ ಬಡಿದರೆ? ನಿಮ್ಮ ಕಂಬದ ಪಟ್ಟಿ ಥರ?

ಗ್ರೀಸ್ ಕೈ · 9:45

ಮಡಚಬಹುದು. ಎರಡು ಷರತ್ತು. ಒಂದು, ಪೈಪಿನ ಮೇಲೆ ಇಟ್ಟು ಬಡಿಯಬಾರದು, ಪ್ಲೇಯರ್‌ನಲ್ಲಿ ಹಿಡಿದು ನಿಧಾನ ಸುರುಳಿ ಸುತ್ತಬೇಕು, ಚಕ್ಕುಲಿಯ ತುದಿ ಹಾಗೆ. ಆಗ ಚೂಪು ಒಳಗೆ ಹೋಗುತ್ತದೆ, ಹೊರಗೆ ದುಂಡು ಭಾಗ ಉಳಿಯುತ್ತದೆ. ಎರಡು, ಒಂದು ಸಲ ಮಡಚಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಮಡಚಿದರೆ ತೂತಿನ ಹತ್ತಿರ ಬಿರುಕು ಬಿಡುತ್ತದೆ. ಅಲ್ಲಿ ಲೋಹ ಕಡಿಮೆ ಇರುವುದೇ ಕಾರಣ. ಮಡಚಿದ ತುದಿ ಸ್ಕ್ರೂ ಮನೆಯಿಂದ ಹಿಂದಕ್ಕೆ ಹೋಗುವುದೂ ಇಲ್ಲ, ಬಿಚ್ಚಬೇಕು ಅಂದರೆ ಕತ್ತರಿಸಬೇಕು. ವರ್ಷಗಟ್ಟಲೆ ಮುಟ್ಟದ ಜಾಗಕ್ಕೆ ಸರಿ, ಹಳ್ಳದ ಎಂಜಿನ್‌ಗೆ ನಾನು ಹೇಳುವುದಿಲ್ಲ.

ಒಗ್ಗರಣೆ ಮಿರ್ಚಿ · 10:02

ಚಕ್ಕುಲಿ ಅಂದ ಕೂಡಲೇ ಹಸಿವಾಯಿತು. ಗಂಗಾವತಿ ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣೆ ಮಿರ್ಚಿ ತಿನ್ನುತ್ತಾ ಓದುತ್ತಿದ್ದೇನೆ. ಇಲ್ಲಿ ಎಲ್ಲರೂ ನೀರು ಯಾವಾಗ ಬಿಡುತ್ತಾರೆ ಅಂತಲೇ ಮಾತು. ನೀವು ಕ್ಲಿಪ್ಪಿಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೀರಿ, ನಮ್ಮ ತುಂಗಭದ್ರಾ ಡ್ಯಾಮಿನ ಗೇಟೇ ಚೈನ್ ಕಿತ್ತುಕೊಂಡು ಹೋಗಿತ್ತು.

ಯರಗೇರಾ ಹುಡುಗ · 10:06

18ನೇ ಗೇಟ್ ಅಲ್ವಾ?

ಲೆಕ್ಕದ ಮಾಸ್ತರ್ · 10:15

19ನೇ ಗೇಟ್. 33 ಗೇಟುಗಳಲ್ಲಿ ಅದೊಂದು. 2024ರ ಆಗಸ್ಟ್ 10ರ ರಾತ್ರಿ ಚೈನ್ ಲಿಂಕ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಆಮೇಲೆ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ಹಲಗೆ, ಇಳಿಸಿ ಮುಚ್ಚಿದರು. ಆ ವಾರ ಇಡೀ ಜಿಲ್ಲೆಗೆ ನಿದ್ದೆ ಇರಲಿಲ್ಲ. ಡ್ಯಾಮ್ ಖಾಲಿಯಾದರೆ ನಾಟಿ ಮಾಡಿದ ಗದ್ದೆಗಳ ಗತಿ ಏನು ಅಂತ.

ಕಾರಟಗಿ ಗದ್ದೆ · 10:19

ನಾವು ಆಗ ತಾನೇ ನಾಟಿ ಮುಗಿಸಿದ್ದೆವು ಮಾಸ್ತರ್. ಅಪ್ಪ ರಾತ್ರಿಯೆಲ್ಲ ಟಿವಿ ಮುಂದೆ.

ಸಿರುಗುಪ್ಪ ಎಕ್ಸ್‌ಪ್ರೆಸ್ · 10:21

ಅದರಲ್ಲಿ ತಪ್ಪು ಯಾರದು ಅಂತ ಕೇಳಿದರೆ ಇಲ್ಲಿ

ನಿರ್ವಾಹಕ · 10:22

ಗೇಟಿನ ಚರ್ಚೆಗೆ ಬೇರೆ ಕಟ್ಟೆ ಇದೆ, ಅಲ್ಲಿ ಈಗಾಗಲೇ ನಾನೂರು ಉತ್ತರ ಆಗಿವೆ, ಜಗಳವೂ ಆಗಿದೆ. ಇಲ್ಲಿ ಕ್ಲಿಪ್ ಮಾತ್ರ.

ಮೆಣಸಿನಕಾಯಿ ಕುರುಗೋಡು · 11:30

ನಮ್ಮ ಕಡೆ ಹಿರಿಯರು ಕ್ಲಿಪ್ ಅನ್ನೇ ಹಾಕುತ್ತಿರಲಿಲ್ಲ. ಸೈಕಲ್ ಟ್ಯೂಬ್ ಸೀಳಿ ಪೈಪಿನ ಮೇಲೆ ಎಳೆದು ಎಳೆದು ಸುತ್ತಿ, ಮೇಲೆ ಬೈಂಡಿಂಗ್ ತಂತಿ ತಿರುವುತ್ತಿದ್ದರು. ಗಾಳಿ ಎಳೆಯುತ್ತಿರಲಿಲ್ಲ. ಈಗ ಎಲ್ಲದಕ್ಕೂ ಕ್ಲಿಪ್.

ಗ್ರೀಸ್ ಕೈ · 11:48

ಟ್ಯೂಬ್ ಸುತ್ತುವುದು ಒಳ್ಳೆಯದೇ. ತಂತಿ ಮಾತ್ರ ಪೈಪನ್ನು ದಾರದ ಹಾಗೆ ಕೊಯ್ಯುತ್ತದೆ, ಒತ್ತಡವೆಲ್ಲ ಒಂದು ಗೆರೆಯ ಮೇಲೆ. ಕ್ಲಿಪ್ ಅಗಲದ ಮೇಲೆ ಹಂಚುತ್ತದೆ. ತಿರುವಿದ ತಂತಿಯ ತುದಿಗೆ ಎಷ್ಟು ಕೈ ಬಲಿಯಾಗಿವೆ ಅಂತ ನಾನು ಹೇಳಬೇಕಾ?

ಮೆಣಸಿನಕಾಯಿ ಕುರುಗೋಡು · 11:50

ಹಳೆಯದೆಲ್ಲ ಕೆಟ್ಟದು ಅನ್ನಬೇಡಿ ಸರ್.

ಗವಿಮಠ ರಸ್ತೆ ಅಕ್ಕ · 12:10

ಸೈಕಲ್ ಟ್ಯೂಬ್ ಅಂದಿರಲ್ಲ, ಅದರ ಉಂಗುರ ಇದಕ್ಕೆ ಆಗುವುದಿಲ್ಲವಾ? ಟ್ಯೂಬನ್ನು ಅಡ್ಡ ಕತ್ತರಿಸಿದರೆ ರಬ್ಬರ್ ಬಳೆ ಸಿಗುತ್ತದೆ. ಅದನ್ನು ಪೈಪಿಗೆ ಹಾಕಿ ಬಾಲದ ಮೇಲೆ ಸರಿಸಿದರೆ ಬಾಲ ಪೈಪಿಗೆ ಅಂಟಿಕೊಂಡು ಮಲಗುತ್ತದೆ.

ಡ್ರಿಪ್ ದಾಳಿಂಬೆ · 12:18

ಅಕ್ಕಾ, ಇದೇ ಎಲ್ಲಕ್ಕಿಂತ ಸುಲಭ! ಸಣ್ಣ ಪೈಪಿಗೆ ಸೈಕಲ್ ಟ್ಯೂಬ್, 3 ಇಂಚಿನದಕ್ಕೆ ಬೈಕ್ ಅಥವಾ ಸ್ಕೂಟರ್ ಟ್ಯೂಬ್. ಬಿಗಿ ಕೂರಬೇಕು, ಜಗ್ಗಿ ಹಾಕುವ ಹಾಗೆ ಇರಬೇಕು. ಪೈಪನ್ನು ಪಂಪಿಗೆ ಹಾಕುವ ಮೊದಲೇ ಉಂಗುರ ತೂರಿಸಬೇಕು. ಇಲ್ಲಾಂದ್ರೆ ಎಲ್ಲ ಬಿಗಿದ ಮೇಲೆ ಉಂಗುರ ಕೈಯಲ್ಲಿ ಹಿಡಿದು ಹಳ್ಳ ನೋಡುತ್ತಾ ನಿಲ್ಲಬೇಕಾಗುತ್ತದೆ. ನನಗೆ ಆಗಿದೆ.

ಗ್ರೀಸ್ ಕೈ · 12:25

ಅಕ್ಕನ ಮಾತು ನೂರಕ್ಕೆ ನೂರು ಸರಿ. ಒಂದೇ ಎಚ್ಚರಿಕೆ. ಡೀಸೆಲ್ ಟ್ಯಾಂಕಿನ ಕೆಳಗೆ ಹನಿ ಬೀಳುವ ಜಾಗ ಆದರೆ ಟ್ಯೂಬ್ ರಬ್ಬರ್ ಡೀಸೆಲ್ ಕುಡಿದು ಉಬ್ಬಿ ಸಡಿಲ ಆಗುತ್ತದೆ. ಅಲ್ಲಿ ಡ್ರಿಪ್ ಪೈಪಿನ ಟೋಪಿಯೇ ಒಳ್ಳೆಯದು.

ಯರಗೇರಾ ಹುಡುಗ · 12:40

ನೋಡಿ ಬಂದೆ. ಪಟ್ಟಿಯ ಕೆಳಗೆ ತೂರಿಸಿದ್ದೇ ಕಾರಣ. ಬಿಚ್ಚಿ ನೆಟ್ಟಗೆ ಹಾಕಿದೆ, ಮೊದಲನೇ ಕೊಡಕ್ಕೇ ನೀರು ಹಿಡಿಯಿತು. ಗ್ರೀಸ್ ಅಣ್ಣಾ, ಬಳ್ಳಾರಿಗೆ ಬಂದರೆ ಚಹಾ ನನ್ನದು.

ಇನ್ನೊಂದು ಕೇಳಬೇಕು. ಬಿಚ್ಚುವಾಗ ಸ್ಕ್ರೂ ಪೂರ್ತಿ ತುಕ್ಕು ಹಿಡಿದಿತ್ತು, ಪಟ್ಟಿ ಮಾತ್ರ ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಸ್ಟೇನ್‌ಲೆಸ್ ಅಂತ ಹೇಳಿ ಕೊಟ್ಟಿದ್ದರು.

ಗ್ರೀಸ್ ಕೈ · 12:55

ಪಟ್ಟಿಯ ಮೇಲೆ ಡಬ್ಲ್ಯೂ ಜೊತೆ ಒಂದು ಅಂಕಿ ಇದೆಯಾ ನೋಡು. ಡಬ್ಲ್ಯೂ1 ಅಂದರೆ ಪೂರ್ತಿ ಕಬ್ಬಿಣ, ಮೇಲೆ ಸತುವಿನ ಲೇಪ. ಡಬ್ಲ್ಯೂ2 ಅಂದರೆ ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಸಾದಾ. ನಿನ್ನದು ಇದೇ ಇರಬೇಕು. ಡಬ್ಲ್ಯೂ4 ಪೂರ್ತಿ ಸ್ಟೇನ್‌ಲೆಸ್. ನೀರಿನಲ್ಲಿ ಇರುವ ಕೆಲಸಕ್ಕೆ ಡಬ್ಲ್ಯೂ4 ಕೇಳು. ಎಲ್ಲ ಕಂಪನಿಯವರೂ ಒತ್ತಿರುವುದಿಲ್ಲ. ಆಗ ಅಂಗಡಿಗೆ ಒಂದು ಸಣ್ಣ ಅಯಸ್ಕಾಂತ ಒಯ್ದು ಸ್ಕ್ರೂವಿಗೆ ಹಿಡಿ, ಜೋರಾಗಿ ಅಂಟಿಕೊಂಡರೆ ತುಕ್ಕು ಗ್ಯಾರಂಟಿ.

ಲೆಕ್ಕದ ಮಾಸ್ತರ್ · 1:10

ಸಣ್ಣ ತಿದ್ದುಪಡಿ. ಸ್ಟೇನ್‌ಲೆಸ್‌ನಲ್ಲೂ ಅಯಸ್ಕಾಂತಕ್ಕೆ ಅಂಟುವ ಜಾತಿ ಇದೆ. ಅಂಟದ ಜಾತಿಯೂ ಬಗ್ಗಿಸಿ ಬಡಿದ ಜಾಗದಲ್ಲಿ ಸ್ವಲ್ಪ ಎಳೆಯುತ್ತದೆ. ಅಂಟಲಿಲ್ಲ ಅಂದರೆ ಧೈರ್ಯವಾಗಿ ಕೊಳ್ಳಬಹುದು. ಅಂಟಿತು ಅಂದರೆ ಮೋಸ ಅಂತ ಜಗಳಕ್ಕೆ ಹೋಗಬೇಡಿ, ವಿಚಾರಿಸಿ.

ಗ್ರೀಸ್ ಕೈ · 1:12

ಒಪ್ಪಿದೆ ಮಾಸ್ತರ್. ಅದಕ್ಕೇ ಜೋರಾಗಿ ಅಂದೆ.

ಕಾರಟಗಿ ಗದ್ದೆ · ಗುರುವಾರ ಸಂಜೆ 7:30

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಬಲಗೈಗೆ ಬ್ಯಾಂಡೇಜ್ ಇರುವುದರಿಂದ ಕೆಲಸ ಮಾಡಿದ್ದು ಮಗಳು, ಹೇಳಿದ್ದು ನಾನು. ಸಿಂಧನೂರಿನಲ್ಲಿ ಮೂರು ಅಂಗಡಿ ತಿರುಗಿ 80-100 ಕ್ಲಿಪ್ ಎರಡು ತಂದೆ. ಮೊದಲನೆಯ ಅಂಗಡಿಯವರು ಮತ್ತೆ ಅದೇ ದೊಡ್ಡದನ್ನು ಕೊಡಲು ಬಂದರು. ಒಂದು ಇಂಚಿಗೆ ಮೂರು ಇಂಚು ಬಾಲ ಅಂತ ಮಾಸ್ತರ್ ಲೆಕ್ಕ ಹೇಳಿದೆ, ನನ್ನ ಮುಖವನ್ನೇ ನೋಡಿದರು.

ಎರಡು ಕ್ಲಿಪ್ ಹಾಕಿ, ಸ್ಕ್ರೂ ಒಂದು ಆ ಕಡೆ ಒಂದು ಈ ಕಡೆ ಇಟ್ಟೆವು. ಬಾಲ ಎರಡೂ ಕೆಳಮುಖ, ನೀರು ತುಂಬುವ ಕಡೆ ಅಲ್ಲ. ಬೈಕ್ ಟ್ಯೂಬಿನಿಂದ ಎರಡು ಬೆರಳು ಅಗಲದ ಉಂಗುರ ಕತ್ತರಿಸಿ ಮೊದಲೇ ತೂರಿಸಿದ್ದೆವು. ಮಗಳಿಗೆ ಅದು ಸಾಲದೆ ಡ್ರಿಪ್ ಪೈಪಿನ ಟೋಪಿಯನ್ನೂ ಹಾಕಿದಳು. ಮೊದಲನೇ ತುಂಡು ಕುದಿಯುವ ನೀರಿನಿಂದ ತೆಗೆದು ಒತ್ತುವಷ್ಟರಲ್ಲಿ ತಣ್ಣಗಾಗಿ ಗಟ್ಟಿಯಾಯಿತು, ಎರಡನೆಯದು ಸರಿ ಬಂತು. ಈಗ ಕಣ್ಣು ಮುಚ್ಚಿ ಕೈ ಸವರಿದೆ, ಏನೂ ಸಿಗಲಿಲ್ಲ. ನೀರೂ ಮೊದಲಿಗಿಂತ ಜಾಸ್ತಿ ಬರುತ್ತಿದೆ ಅಂತ ಅಪ್ಪ ಹೇಳುತ್ತಾರೆ. ಅದು ಕ್ಲಿಪ್ಪಿನಿಂದಲೋ, ಹಳ್ಳಕ್ಕೆ ನೀರು ಬಂದಿರುವುದರಿಂದಲೋ ನಾನು ವಾದಕ್ಕೆ ಹೋಗಲಿಲ್ಲ.

ಹಳೆಯ ದೊಡ್ಡ ಕ್ಲಿಪ್ ಬಿಸಾಕೋಣ ಅಂದೆ. ಅಪ್ಪ ಬಿಡಲಿಲ್ಲ, ದನದ ಕೊಟ್ಟಿಗೆಯ ಮೊಳೆಗೆ ತೂಗುಹಾಕಿದ್ದಾರೆ. ಬಾಲ ಹೊರಗೆ ಇಟ್ಟೇ.

ಸಿರುಗುಪ್ಪ ಎಕ್ಸ್‌ಪ್ರೆಸ್ · 7:34

ಕಟ್ ಮಾಡಿ ಬಿಸಾಕಿ ಅಂತ ನಾನು ಮೊದಲೇ ಹೇಳಿದ್ದೆ.

ಮೆಣಸಿನಕಾಯಿ ಕುರುಗೋಡು · 8:15

ಮೆಣಸಿನಕಾಯಿಗೆ ಹುಳದ ಎಣ್ಣೆ ಹೊಡೆಯುವ ಪವರ್ ಪಂಪಿನ ಪೈಪಿಗೂ ಇದೇ ಕ್ಲಿಪ್ ಹಾಕಿದ್ದೇನೆ. ಅದರ ಬಾಲಕ್ಕೂ ಟ್ಯೂಬ್ ಉಂಗುರ ನಡೆಯುತ್ತಾ?

ಗ್ರೀಸ್ ಕೈ · 8:21

ಬಾಲದ ಮಾತು ಆಮೇಲೆ. ಆ ಪೈಪಿನಲ್ಲಿ ಒತ್ತಡ ಎಷ್ಟಿರುತ್ತದೆ ಗೊತ್ತಾ? ಕಳಚಿದರೆ ಎಣ್ಣೆ ಸೀದಾ ಮುಖಕ್ಕೆ. ಅದಕ್ಕೆ ಪ್ರೆಸ್ ಮಾಡಿದ ಕಪ್ಲಿಂಗ್ ಇರುವ ಪೈಪ್ ತನ್ನಿ. ಈಗ ಹಾಕಿರುವ ಕ್ಲಿಪ್ಪಿನ ಫೋಟೋ ಕಳಿಸಿ, ನೋಡೋಣ.

ಮೆಣಸಿನಕಾಯಿ ಕುರುಗೋಡು · 8:23

ಕ್ಲಿಪ್ ಅಲ್ಲ ಸರ್, ಸತ್ಯ ಹೇಳಬೇಕು ಅಂದರೆ ಬೈಂಡಿಂಗ್ ತಂತಿ.